ಭಯಾನಕ ಚಲನಚಿತ್ರಗಳೂ ಹಂಚಿಕೆದಾರನ ಲೆಕ್ಕವೂ

ಚಲನಚಿತ್ರಗಳ ಗುಣದೋಷಗಳನ್ನು ವಿವೇಚಿಸುವಾಗ ನಾವು ನಿರ್ದೇಶಕರನ್ನೂ ನಟವರ್ಗವನ್ನೂ ಕುರಿತು ಮಾತನಾಡುತ್ತೇವೆಯೇ ಹೊರತು, ಚಿತ್ರವನ್ನು ಊರೂರಿಗೆ ತಲುಪಿಸುವ ಹಂಚಿಕೆದಾರನನ್ನು ನೆನೆಯುವುದಿಲ್ಲ. ಅಮೆರಿಕದ ಭಯಾನಕ ಚಿತ್ರಗಳ ಚರಿತ್ರೆಯಲ್ಲಾದರೋ ಅವನ ಲೆಕ್ಕಪುಸ್ತಕದ ಪಾತ್ರವು ಕಥೆಗಾರನ ಲೇಖನಿಗಿಂತ ಕಿರಿದೇನಲ್ಲ.

ಹಾಲಿವುಡ್ಡಿನ ಕೆಲವು ಬೃಹತ್ ಸಂಸ್ಥೆಗಳು ಹಿಂದೆ ಚಿತ್ರಮಂದಿರಗಳ ಒಡೆತನವನ್ನೂ ಹೊಂದಿದ್ದವು. ಇತರ ಮಂದಿರಗಳವರು ಒಂದು ಉತ್ತಮ ಚಿತ್ರವನ್ನು ಪಡೆಯಬೇಕಾದರೆ ಹಲವು ಸಾಧಾರಣ ಚಿತ್ರಗಳನ್ನೂ ಕಟ್ಟಾಗಿ ಒಪ್ಪಿಕೊಳ್ಳಬೇಕಾಗಿತ್ತು. 1948ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಪ್ಯಾರಮೌಂಟ್ ಮೊಕದ್ದಮೆಯಲ್ಲಿ ಈ ಪದ್ಧತಿಯನ್ನು ಅಕ್ರಮವೆಂದು ತೀರ್ಮಾನಿಸಿತು. ತತ್ಪರಿಣಾಮವಾಗಿ ಅಗ್ಗದ ಚಿತ್ರಗಳ ತಯಾರಿಕೆಯಲ್ಲಿ ದೊಡ್ಡವರಿಗೆ ಆಸಕ್ತಿ ಕುಂದಿತು. ಆದರೆ ಜೋಡಿ ಚಿತ್ರಗಳ ಪ್ರದರ್ಶನಕ್ಕೆ ಒಗ್ಗಿದ್ದ ಮಂದಿರಗಳಿಗೂ, ಕಾರಿನಲ್ಲಿ ಕುಳಿತೇ ನೋಡುವ ಬಯಲು ಚಿತ್ರಮಂದಿರಗಳಿಗೂ ಸರಕು ಬೇಕೇ ಬೇಕಾಗಿತ್ತು.

ನಿಕೊಲ್ಸನ್ ಮತ್ತು ಆರ್ಕಾಫ್ ಎಂಬಿಬ್ಬರು 1954ರಲ್ಲಿ ಆರಂಭಿಸಿದ ಸಂಸ್ಥೆ, ಅಂದರೆ ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂದು ಹೆಸರಾದದ್ದು, ಈ ತೆರವನ್ನು ತುಂಬಿತು. ಜೋಡಿಯ ಮುಖ್ಯ ಚಿತ್ರಕ್ಕೆ ಗಳಿಕೆಯಲ್ಲಿ ಶೇಕಡಾವಾರು ಪಾಲು, ಎರಡನೆಯದಕ್ಕೆ ಬರಿಯ ನಿಗದಿತ ಬಾಡಿಗೆ. ಆದಕಾರಣ ಇವರು ಎರಡೂ ಚಿತ್ರಗಳನ್ನು ತಾವೇ ಒದಗಿಸಿ ಪಾಲನ್ನು ಪೂರ್ತಿಯಾಗಿ ಪಡೆಯುವ ಉಪಾಯವನ್ನು ಕಂಡುಕೊಂಡರು. ಅನೇಕ ವೇಳೆ ಮೊದಲು ಶೀರ್ಷಿಕೆ, ಅನಂತರ ಭಿತ್ತಿಪತ್ರ, ಕಡೆಯಲ್ಲಿ ಕಥೆ! ಪ್ರಖ್ಯಾತ ತಾರೆಯರನ್ನು ಬೇಡದ, ಯುವಕರನ್ನು ಸೆಳೆಯುವ ವಸ್ತುವೆಂದರೆ ದೆವ್ವಭೂತಗಳೇ ತಾನೆ?

ಪಿಟ್ಸ್‌ಬರ್ಗ್ ನಗರದ ಜಾರ್ಜ್ ರೊಮೆರೊ ಅವರ 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968) ಚಿತ್ರದ ವೃತ್ತಾಂತವು ಇನ್ನೂ ವಿಚಿತ್ರವಾದುದು. ನಾಯಕನು ಸಾಯುವ ಅಂತ್ಯವನ್ನು ಬದಲಿಸಬೇಕೆಂದು ಮೇಲ್ಕಂಡ ಸಂಸ್ಥೆಯು ಬಯಸಿತು, ರೊಮೆರೊ ಒಪ್ಪಲಿಲ್ಲ. ಕಡೆಗೆ ವಾಲ್ಟರ್ ರೀಡ್ ಸಂಸ್ಥೆಯು ಅಂತ್ಯವನ್ನು ಹಾಗೆಯೇ ಉಳಿಸಿ ಚಿತ್ರವನ್ನು ಸ್ವೀಕರಿಸಿತು. ಆದರೆ ಅದು ಶೀರ್ಷಿಕೆಯನ್ನು ಬದಲಾಯಿಸುವಾಗ, ಹಳೆಯ ಶೀರ್ಷಿಕೆಯೊಡನಿದ್ದ ಹಕ್ಕುಸ್ವಾಮ್ಯದ ಸೂಚನೆಯು ಬಿಟ್ಟುಹೋಯಿತು. ಅಂದಿನ ಕಾನೂನಿನಂತೆ ಸೂಚನೆಯಿಲ್ಲದ ಕೃತಿ ಸಾರ್ವಜನಿಕರ ಸ್ವತ್ತು. ನಿರ್ಮಾಪಕರಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಧನವು ಕೈತಪ್ಪಿತು. ಚಿತ್ರವು ಮಾತ್ರ ದೂರದರ್ಶನ, ವಿಡಿಯೊ ಕ್ಯಾಸೆಟ್ಟುಗಳ ಮೂಲಕ ಯಾರ ಅಪ್ಪಣೆಯೂ ಇಲ್ಲದೆ ಹರಡಿತು. ನಡೆದಾಡುವ ಶವಗಳ ಚಿತ್ರಗಳು ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆಯುವುದಕ್ಕೆ ಈ ಅನಿರ್ಬಂಧಿತ ಪ್ರಸಾರವೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ಅಮೆರಿಕದಲ್ಲಿ ವಯಸ್ಸಿಗನುಗುಣವಾದ ಶ್ರೇಣೀಕರಣವು ಜಾರಿಗೆ ಬಂದದ್ದು ಆ ಚಿತ್ರವು ಬಿಡುಗಡೆಯಾದ ಮುಂದಿನ ತಿಂಗಳಲ್ಲಿ. ಅಷ್ಟರೊಳಗೆ ಮಧ್ಯಾಹ್ನದ ಆಟಗಳಲ್ಲಿ ಎಳೆಯ ಮಕ್ಕಳೂ ಅದನ್ನು ನೋಡಿಯಾಗಿತ್ತು. ಶಿಕ್ಷಕರಾದವರು ಈ ಅಂಶವನ್ನು ಗಮನಿಸತಕ್ಕದ್ದು.

ಸುಮಾರು 3 ಲಕ್ಷ ಡಾಲರುಗಳಲ್ಲಿ ತಯಾರಾದ 'ಹ್ಯಾಲೋವೀನ್' (1978) ಪ್ರದೇಶದಿಂದ ಪ್ರದೇಶಕ್ಕೆ ಸಂಚರಿಸುತ್ತ ಜನರ ಬಾಯಿಮಾತಿನಿಂದ ಗೆದ್ದಿತು. ಅದರ ಜಾಡಿನಲ್ಲಿ ಬಂದ 'ಫ್ರೈಡೆ ದಿ ಥರ್ಟೀಂತ್' (1980) ಎಂಬ ಅಗ್ಗದ ಚಿತ್ರವನ್ನಾದರೋ, 1948ರಲ್ಲಿ ಪ್ರತಿವಾದಿಯಾಗಿದ್ದ ಪ್ಯಾರಮೌಂಟ್ ಸಂಸ್ಥೆಯೇ ಕೊಂಡು ಸುಮಾರು 1,100 ಮಂದಿರಗಳಲ್ಲಿ ಏಕಕಾಲಕ್ಕೆ ಬಿಡುಗಡೆ ಮಾಡಿತು. ಅಷ್ಟು ವಿಶಾಲವಾದ ಮಾರುಕಟ್ಟೆ ದೊರೆತ ಮೇಲೆ ಕಥೆ ಮುಗಿಯುವುದೆಂತು? 1984ರಲ್ಲಿ ಬಂದ ನಾಲ್ಕನೆಯ ಭಾಗಕ್ಕೆ 'ಅಂತಿಮ ಅಧ್ಯಾಯ' ಎಂಬರ್ಥದ ಹೆಸರನ್ನಿಟ್ಟರು. 1985ರಲ್ಲಿ ಐದನೆಯದು ಬಂದಿತು.