ಗಂಗಾವತಿಗೆ ಇಳಿಯುವ ನೀರು ಕುಷ್ಟಗಿಗೆ ಏಕೆ ಏರದು?

ಮಕ್ಕಳೇ, ಗಂಗಾವತಿಯಿಂದ ಕುಷ್ಟಗಿಗೆ ಬಸ್ಸಿನಲ್ಲಿ ಹೋಗಿದ್ದೀರಾ? ಕಿಟಕಿ ಪಕ್ಕ ಕೂತು ನೋಡಿ. ಗಂಗಾವತಿಯ ಸುತ್ತ ತುಂಬಿ ಹರಿಯುವ ಕಾಲುವೆ, ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಕುಷ್ಟಗಿ, ಯಲಬುರ್ಗಾ ಕಡೆ ಬಂದರೆ ಮಳೆ ನೆಚ್ಚಿಕೊಂಡ ಹೊಲಗಳು. ಸಜ್ಜೆ, ಜೋಳ, ಕಡಲೆ. ಎಲ್ಲವೂ ಕೊಪ್ಪಳ ಜಿಲ್ಲೆಯವೇ. ಮತ್ತೆ ಈ ವ್ಯತ್ಯಾಸ ಏಕೆ?

ಉತ್ತರ ಮಾವಿನ ಮರದ ಕೆಳಗಿದೆ. ತೊಟ್ಟು ಕಳಚಿದ ಹಣ್ಣು ಮೇಲಕ್ಕೆ ಹೋಗುವುದಿಲ್ಲ, ನೆಲಕ್ಕೇ ಬೀಳುತ್ತದೆ. ಭೂಮಿ ಹಣ್ಣನ್ನು ಸೆಳೆಯುತ್ತದೆ. ಅಷ್ಟೇ ಬಲದಿಂದ ಹಣ್ಣೂ ಭೂಮಿಯನ್ನು ಸೆಳೆಯುತ್ತದೆ! ಆದರೆ ಭೂಮಿ ಬಲು ಭಾರ, ಅಲುಗಿದ್ದು ನಮಗೆ ಕಾಣದು.

ಇದರ ನಿಯಮವನ್ನು ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದರು. ಜಗತ್ತಿನ ಪ್ರತಿಯೊಂದು ವಸ್ತುವೂ ಇನ್ನೊಂದನ್ನು ಸೆಳೆಯುತ್ತದೆ. ದ್ರವ್ಯರಾಶಿ ಹೆಚ್ಚಾದಷ್ಟೂ ಸೆಳೆತ ಹೆಚ್ಚು. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಹಾಗಾದರೆ ಪಕ್ಕದಲ್ಲಿ ಕೂತ ಅಜ್ಜನೂ ನಿಮ್ಮನ್ನು ಸೆಳೆಯುತ್ತಾರೆಯೇ? ಹೌದು. ಆದರೆ ತಲಾ 50 ಕಿಲೋ ತೂಕದ ಇಬ್ಬರು ಒಂದು ಮೀಟರ್ ದೂರದಲ್ಲಿದ್ದರೆ, ಆ ಸೆಳೆತ ಒಂದು ಸೊಳ್ಳೆಯ ತೂಕದ ನೂರನೆಯ ಒಂದು ಪಾಲೂ ಇರದು. ಅಜ್ಜನ ಕಡೆ ನಿಮ್ಮನ್ನು ಎಳೆಯುವುದು ಅವರು ಹೇಳುವ ಕಥೆಯೇ!

ಈಗ ನೀರಿಗೆ ಬರೋಣ. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟೆ ಇದೆ. 1953ರಲ್ಲಿ ಅದರ ನೀರನ್ನು ಕಾಲುವೆಗೆ ಬಿಟ್ಟರು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,633 ಅಡಿ, ಅಂದರೆ ಸುಮಾರು 498 ಮೀಟರ್. ಗಂಗಾವತಿ ಇರುವುದು ಸುಮಾರು 400 ಮೀಟರ್ ಎತ್ತರದಲ್ಲಿ. ಎಡದಂಡೆ ಕಾಲುವೆಯನ್ನು ತುಸುತುಸುವೇ ಇಳಿಜಾರಾಗಿ ತೋಡಿದರೆ ಸಾಕು, ಭೂಮಿಯ ಸೆಳೆತವೇ ನೀರನ್ನು ಗದ್ದೆಗೆ ಮುಟ್ಟಿಸುತ್ತದೆ. ಕರೆಂಟು ಬೇಡ, ಡೀಸೆಲ್ ಬೇಡ.

ಕುಷ್ಟಗಿ, ಯಲಬುರ್ಗಾ ಊರುಗಳು 600 ಮೀಟರಿನ ಆಸುಪಾಸಿನಲ್ಲಿವೆ, ಜಲಾಶಯಕ್ಕಿಂತ ಮೇಲೆ. ಅಲ್ಲಿಗೆ ನೀರು ತಾನಾಗಿ ಏರದು, ಎತ್ತಬೇಕು. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಕಾಲು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬೇಕು. ಅಷ್ಟೇನಾ ಅನ್ನಬೇಡಿ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಲ್ಲಿಸಲು ಸುಮಾರು 12 ಲಕ್ಷ ಲೀಟರ್ ಬೇಕು. ಅದನ್ನು 100 ಮೀಟರ್ ಎತ್ತಲು 330 ಯೂನಿಟ್‌ಗೂ ಮೇಲೆ! ಕೃಷ್ಣೆಯ ನೀರನ್ನು ಪಂಪುಗಳಿಂದ ಎತ್ತಿ ತರುವ ಕೊಪ್ಪಳ ಏತ ನೀರಾವರಿ ಯೋಜನೆಯ ಕಷ್ಟಗಳಲ್ಲಿ ಇದೂ ಒಂದು.

ನಿಮ್ಮ ಅಜ್ಜನನ್ನು ಕಪಿಲೆ ಬಗ್ಗೆ ಕೇಳಿ. ಬಾವಿಯಿಂದ ಚರ್ಮದ ಚೀಲದಲ್ಲಿ ನೀರು ಮೇಲೆ ಬರುವಾಗ ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆಯುತ್ತಿದ್ದವು. ಎತ್ತುಗಳ ತೂಕವೇ ನೀರೆತ್ತಲು ನೆರವಾಗುತ್ತಿತ್ತು. ನ್ಯೂಟನ್ ಹೆಸರು ಕೇಳದ ರೈತನೂ ಗುರುತ್ವವನ್ನು ದುಡಿಸಿಕೊಂಡಿದ್ದ.

ಎತ್ತರದ ಊರಿನವರಿಗೆ ಇನ್ನೊಂದು ಉಪಾಯವಿದೆ: ಬಿದ್ದ ಮಳೆ ಇಳಿದು ಓಡುವ ಮುನ್ನವೇ ತಡೆಯುವುದು. ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆ, ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಗಳ ಹೂಳು ತೆಗೆದದ್ದು ಇದಕ್ಕೇ. ಮೇಲೆಯೇ ನಿಂತ ನೀರನ್ನು ಯಾರೂ ಮೇಲೆತ್ತಬೇಕಿಲ್ಲ.

ಮುಂದಿನ ಮಳೆಗೆ ಅಜ್ಜ, ಅಜ್ಜಿಯರ ಜೊತೆ ಬಾಗಿಲಲ್ಲಿ ನಿಂತು ನೋಡಿ: ನಿಮ್ಮ ಅಂಗಳದ ನೀರು ಯಾವ ಕಡೆ ಓಡುತ್ತದೆ? ಅದನ್ನು ಎಲ್ಲಿ ನಿಲ್ಲಿಸಬಹುದು?