ಗೋಡೆಯೊಳಗಿನ ಹೊಟ್ಟು ಎಷ್ಟು ಕಾಲ ಬಾಳುತ್ತದೆ? ‘ಬಾಳಿಕೆ’ಯ ಬೋಧನೆಗೆ ಸ್ಥಳೀಯ ಸಾಮಗ್ರಿ

ಪ್ರೌಢಶಾಲೆಯಲ್ಲಿ ವಸ್ತುಗಳ ಗುಣಗಳನ್ನು ಕಲಿಸುವಾಗ ‘ಬಾಳಿಕೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಗಡಸುತನವನ್ನು ಗೀರಿ ತೋರಿಸಬಹುದು, ಸಾಂದ್ರತೆಯನ್ನು ತೂಗಿ ತೋರಿಸಬಹುದು. ಬಾಳಿಕೆಯನ್ನು ನಲವತ್ತು ನಿಮಿಷದ ಅವಧಿಯಲ್ಲಿ ತೋರಿಸುವುದು ಕಷ್ಟ. ಹಾಗಾಗಿ ಪ್ರಶಿಕ್ಷಣಾರ್ಥಿಗಳು ಕಪ್ಪುಹಲಗೆಯ ಮೇಲೆ ಎರಡು ಕಾಲಂ ಎಳೆದು, ‘ಕಚ್ಚಾ ಮನೆ: ಮಣ್ಣು, ಹುಲ್ಲು’, ‘ಪಕ್ಕಾ ಮನೆ: ಸಿಮೆಂಟು, ಕಬ್ಬಿಣ’ ಎಂದು ಬರೆದು ಮುಂದೆ ಹೋಗುವುದುಂಟು. ಗಿಣಿಗೇರಾ ಸುತ್ತಿನ ಶಾಲೆಯೊಂದರಲ್ಲಿ ನಾನು ಇಂಥ ಪಾಠವನ್ನು ವೀಕ್ಷಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು, “ಸರ್, ನಮ್ಮ ಅಜ್ಜನ ಮನಿ ಮಣ್ಣಿಂದು. ನಮ್ಮಪ್ಪ ಹುಟ್ಟೋಕಿಂತ ಮೊದಲಿಂದ ಐತಿ. ಅದು ಕಚ್ಚಾನ?” ಎಂದು ಕೇಳಿದಳು. ಈ ಪ್ರಶ್ನೆಗೆ ವಿಜ್ಞಾನದ ಉತ್ತರವಿದೆ. ಅದನ್ನು ಪಾಠವಾಗಿ ಕಟ್ಟುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಶಿಕ್ಷಕರಿಗೆ ತಿಳಿದಿರಬೇಕಾದ ವಿಷಯ

ಕಾಂಕ್ರೀಟಿನಲ್ಲಿ ಎರಡು ಭಾಗಗಳಿವೆ: ತುಂಬುವ ವಸ್ತು ಮತ್ತು ಅಂಟಿಸುವ ವಸ್ತು. ಜಲ್ಲಿಯ ಬದಲು ಗಿಡದ ಕಾಂಡ, ಹುಲ್ಲು ಅಥವಾ ಹೊಟ್ಟನ್ನು ತುಂಬಿ, ಸುಣ್ಣದಿಂದಲೋ ಸಿಮೆಂಟಿನಿಂದಲೋ ಅಂಟಿಸಿದರೆ ಅದು ಸಸ್ಯಾಧಾರಿತ ಕಾಂಕ್ರೀಟ್. ಫ್ರಾನ್ಸಿನಲ್ಲಿ 1980ರ ದಶಕದಿಂದ ಹೆಂಪ್ ಗಿಡದ ದಂಟಿನ ಚೂರುಗಳನ್ನು ಸುಣ್ಣದಲ್ಲಿ ಕಲಸಿ ಗೋಡೆ ಕಟ್ಟುತ್ತಿದ್ದಾರೆ. ಹಗುರ, ಬಿಸಿಲು ತಡೆಯುತ್ತದೆ. ಆದರೆ ಭಾರ ಹೊರುವ ಶಕ್ತಿ ಕಡಿಮೆ. ಆದ್ದರಿಂದ ಕಂಬ ತೊಲೆಗಳು ಭಾರ ಹೊರುತ್ತವೆ, ಈ ಗೋಡೆ ನಡುವಿನ ಜಾಗವನ್ನು ತುಂಬುತ್ತದೆ. ನಮ್ಮ ಭಾಗದಲ್ಲಿ ಮಣ್ಣಿಗೆ ಹುಲ್ಲು, ಹೊಟ್ಟು ಸೇರಿಸಿ ತುಳಿದು, ಕೊಳೆಸಿ ಗೋಡೆಗೆ ಮೆತ್ತುವ ಗಿಲಾವು ಇದರ ಹಳೆಯ ನಂಟ. ಹುಲ್ಲು ಮಣ್ಣಿನ ಬಿರುಕನ್ನು ಹಿಡಿದು ನಿಲ್ಲಿಸುತ್ತದೆ.

ಗಿಡದ ಭಾಗ ಗೋಡೆಯೊಳಗೆ ಹಾಳಾಗುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳು.

ಒಂದು, ನಿಂತ ತೇವ. ಬೂಷ್ಟಿಗೂ ಗೆದ್ದಲಿಗೂ ತೇವ ಬೇಕು. ಗೋಡೆ ಒದ್ದೆಯಾದರೆ ತೊಂದರೆಯಿಲ್ಲ, ಒಣಗದೆ ಉಳಿದರೆ ತೊಂದರೆ.

ಎರಡು, ನೆನೆಯುವುದು ಮತ್ತು ಒಣಗುವುದು. ನಾರು ನೀರು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಹೀಗೆ ನೂರಾರು ಸಲ ನಡೆದಾಗ ನಾರಿಗೂ ಅಂಟಿಗೂ ನಡುವೆ ಸಂದು ಬಿಡುತ್ತದೆ.

ಮೂರು, ಕ್ಷಾರ. ಇದು ಮಕ್ಕಳಿಗೆ ಅಚ್ಚರಿಯ ಸಂಗತಿ. ಹೊಸ ಸುಣ್ಣ, ಸಿಮೆಂಟುಗಳ ಪಿಎಚ್ 12ಕ್ಕೂ ಮೇಲಿರುತ್ತದೆ. ಇಷ್ಟು ಕ್ಷಾರದಲ್ಲಿ ಬೂಷ್ಟು ಬೆಳೆಯುವುದಿಲ್ಲ. ಆದರೆ ಅದೇ ಕ್ಷಾರ ನಾರಿನ ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸನ್ನು ನಿಧಾನವಾಗಿ ಕರಗಿಸಿ ನಾರನ್ನು ಪೆಡಸಾಗಿಸುತ್ತದೆ. ಕಾಲ ಕಳೆದಂತೆ ಸುಣ್ಣವು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಸುಣ್ಣದಕಲ್ಲಾಗುತ್ತದೆ. ಗೋಡೆ ಗಟ್ಟಿಯಾಗುತ್ತದೆ, ಕ್ಷಾರ ಇಳಿಯುತ್ತದೆ. ಆಗ ಬೂಷ್ಟಿನಿಂದ ಕಾಪಾಡುವುದು ಒಣ ಸ್ಥಿತಿಯೊಂದೇ.

ಹಾಗಾದರೆ ಬಾಳಿಕೆ ಎಂಬುದು ವಸ್ತುವೊಂದರದೇ ಗುಣವಲ್ಲ. ವಸ್ತು, ಅದನ್ನು ಇಟ್ಟ ಜಾಗ ಮತ್ತು ಆರೈಕೆ, ಈ ಮೂರೂ ಸೇರಿದಾಗ ಬರುವ ಫಲ. ಎಲ್ಲೋರದ ಗುಹೆಗಳ ಮಣ್ಣಿನ ಗಿಲಾವಿನಲ್ಲಿ ಹೆಂಪ್ ನಾರು ಇಂದಿಗೂ ಸಿಕ್ಕಿದೆ. ಅದು ಮಳೆ ಬೀಳದ ಗುಹೆಯ ಒಳಗಿತ್ತು ಎಂಬುದನ್ನು ಮರೆಯಬಾರದು. ಕೊಪ್ಪಳ ಜಿಲ್ಲೆಯಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಗೋಡೆಯ ಬುಡಕ್ಕೆ ಕಲ್ಲು, ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು, ಹಬ್ಬಕ್ಕೆ ಸಾರಣೆ: ಮಣ್ಣಿನ ಮನೆಯನ್ನು ತಲೆಮಾರುಗಳ ಕಾಲ ನಿಲ್ಲಿಸಿದ್ದು ಈ ಕೆಲಸಗಳು. ಅದೇ ಮಣ್ಣಿನ ಗೋಡೆಗೆ ‘ಪಕ್ಕಾ ಆಗಲಿ’ ಎಂದು ಸಿಮೆಂಟಿನ ಗಿಲಾವು ಹಾಕಿದರೆ ಒಳಗೆ ಸೇರಿದ ತೇವ ಹೊರಬರಲಾರದೆ ಗೋಡೆ ಒಳಗಿಂದಲೇ ಸಡಿಲಾಗುತ್ತದೆ, ಗಿಲಾವು ಹಲ್ಲೆ ಹಲ್ಲೆಯಾಗಿ ಬೀಳುತ್ತದೆ. ಸಿಮೆಂಟಿನ ಮನೆಗೂ ಇದೇ ಮಾತು ಸಲ್ಲುತ್ತದೆ: ಸ್ಲ್ಯಾಬಿನೊಳಗೆ ನೀರು ಇಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ.

ಹೊಟ್ಟು ಬೇರೆ, ಬೂದಿ ಬೇರೆ

ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟನ್ನು ಇಲ್ಲಿ ಉದಾಹರಣೆಯಾಗಿ ಕೊಡಿ. ಒಂದು ಕ್ವಿಂಟಲ್ ನೆಲ್ಲಿನಿಂದ ಸುಮಾರು 20 ಕಿಲೋ ಹೊಟ್ಟು, ಅದನ್ನು ಸುಟ್ಟರೆ ಸುಮಾರು 4 ಕಿಲೋ ಬೂದಿ. ಬೂದಿಯ ಹೆಚ್ಚಿನ ಪಾಲು, ಸುಮಾರು ಶೇ. 85ರಿಂದ 95ರಷ್ಟು, ಸಿಲಿಕಾ. ಹದವಾದ ಉಷ್ಣದಲ್ಲಿ, ಸುಮಾರು 700 ಡಿಗ್ರಿ ಸೆಲ್ಸಿಯಸ್ ಒಳಗೆ ಸುಟ್ಟಾಗ ಸಿಲಿಕಾ ಹರಳುಗಟ್ಟದೆ ಉಳಿದು, ಸುಣ್ಣದೊಂದಿಗೆ ಸುಲಭವಾಗಿ ವರ್ತಿಸಿ ಸಿಮೆಂಟಿನಂಥದೇ ಅಂಟನ್ನು ಕೊಡುತ್ತದೆ. ಹೆಚ್ಚು ಕಾಯಿಸಿದರೆ ಹರಳುಗಟ್ಟಿ ಮಂಕಾಗುತ್ತದೆ. ಹೊಟ್ಟು ಕೊಳೆಯಬಲ್ಲದು, ಬೂದಿಯಲ್ಲಿ ಕೊಳೆಯಲು ಸಸ್ಯಾಂಶವೇ ಉಳಿದಿಲ್ಲ. ನುಣ್ಣಗೆ ಅರೆದ ಒಳ್ಳೆಯ ಬೂದಿ ಕಾಂಕ್ರೀಟಿನ ರಂಧ್ರಗಳನ್ನು ಕಿರಿದಾಗಿಸಿ ನೀರು ಇಳಿಯುವುದನ್ನು ತಗ್ಗಿಸುತ್ತದೆ. ‘ಸಸ್ಯಾಧಾರಿತ’ ಎಂಬ ಒಂದೇ ಹೆಸರಿನಡಿ ಇವೆರಡನ್ನೂ ಬೆರೆಸದಂತೆ ಎಚ್ಚರ ವಹಿಸಬೇಕು.

ತರಗತಿ ಚಟುವಟಿಕೆ

ಖಾಲಿ ಬೆಂಕಿಪೆಟ್ಟಿಗೆಯನ್ನು ಅಚ್ಚಾಗಿ ಬಳಸಿ ಮೂರು ಬಗೆಯ ಬಿಲ್ಲೆಗಳನ್ನು ಮಾಡಿಸಿ: ಬರೀ ಮಣ್ಣು, ಮಣ್ಣು ಮತ್ತು ಕತ್ತರಿಸಿದ ಹುಲ್ಲು, ಅರಳಿದ ಸುಣ್ಣ ಮತ್ತು ಹೊಟ್ಟು. ಸುಣ್ಣವನ್ನು ಶಿಕ್ಷಕರೇ ಕೈಗವಸು ಹಾಕಿಕೊಂಡು ಕಲಸಬೇಕು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಎರಡು ವಾರ ನೆರಳಲ್ಲಿ ಒಣಗಿಸಿ ತೂಗಿಸಿ. ಪ್ರತಿ ಬಗೆಯ ಬಿಲ್ಲೆಗಳನ್ನು ಎರಡು ಗುಂಪು ಮಾಡಿ. ಒಂದು ಗುಂಪನ್ನು ಕಲ್ಲಿನ ಮೇಲಿಟ್ಟು ಮೇಲೆ ಹೆಂಚು ಮುಚ್ಚಿ. ಇನ್ನೊಂದನ್ನು ಬರಿ ನೆಲದ ಮೇಲೆ ಬಯಲಿಗಿಡಿ. ದಿನ ಬಿಟ್ಟು ದಿನ ಎರಡೂ ಗುಂಪುಗಳ ಮೇಲಿನಿಂದ ಒಂದೇ ಅಳತೆಯ ನೀರು ಸುರಿದು, ಒಣಗಿದ ಮೇಲೆ ತೂಕ, ಬಿರುಕು, ಬೂಷ್ಟು ದಾಖಲಿಸಲಿ. ಹತ್ತು ಸುತ್ತು ಸಾಕು. ಒಂದೇ ವಸ್ತು ಎರಡು ಜಾಗದಲ್ಲಿ ಬೇರೆಬೇರೆಯಾಗಿ ಬಾಳುವುದು ಮಕ್ಕಳ ಕಣ್ಣಿಗೇ ಬೀಳುತ್ತದೆ. ಪ್ರಯೋಗಾಲಯಗಳ ತ್ವರಿತ ಪರೀಕ್ಷೆಯೂ ಇದೇ ತತ್ವದ್ದು. ಆದರೆ ಹತ್ತು ಸುತ್ತು ಎಂದರೆ ಹತ್ತು ವರ್ಷವಲ್ಲ ಎಂಬುದನ್ನೂ ಹೇಳಿಕೊಡಬೇಕು.

ಮೌಲ್ಯಮಾಪನ

1. ನಿಮ್ಮ ಓಣಿಯ ಹಳೆಯ ಮಣ್ಣಿನ ಗೋಡೆ ಎಲ್ಲಿ ಮೊದಲು ಸವೆದಿದೆ: ಬುಡದಲ್ಲೋ, ನೆತ್ತಿಯಲ್ಲೋ? ಏಕೆ?
2. ವರ್ಷಕ್ಕೊಮ್ಮೆ ಆ ಮನೆಗೆ ಯಾರು, ಯಾವ ಕೆಲಸ ಮಾಡುತ್ತಿದ್ದರು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.
3. ಸುಣ್ಣದ ಕ್ಷಾರ ನಾರಿಗೆ ಮಿತ್ರನೋ ಶತ್ರುವೋ? ಎರಡೂ ಕಡೆ ಕಾರಣ ಕೊಡಿ.

ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಸಾರಿಸುವ, ಮೆತ್ತುವ ಕೆಲಸ ಬಹುಪಾಲು ಹೆಣ್ಣುಮಕ್ಕಳದಾಗಿತ್ತು. ಆ ಶ್ರಮವನ್ನು ಲೆಕ್ಕಕ್ಕೆ ಹಿಡಿದರಷ್ಟೇ ಮಣ್ಣಿನ ಮನೆ ಬಿಟ್ಟು ಸಿಮೆಂಟಿನ ಮನೆಗೆ ಹೋದ ಕುಟುಂಬಗಳ ನಿರ್ಧಾರವೂ ಅರ್ಥವಾಗುತ್ತದೆ. ಕಾಲಂ ಎಳೆಯಲೇಬೇಕಿದ್ದರೆ ‘ಕಚ್ಚಾ, ಪಕ್ಕಾ’ ಬದಲು ‘ಯಾವ ಜಾಗದಲ್ಲಿ’, ‘ಯಾವ ಆರೈಕೆಯಲ್ಲಿ’, ‘ಎಷ್ಟು ಕಾಲ’ ಎಂಬ ಮೂರು ತಲೆಬರಹ ಕೊಡಿ. ಮಕ್ಕಳು ತಮ್ಮ ಮನೆಯ ವಿವರವನ್ನು ಅಳುಕಿಲ್ಲದೆ ಅವುಗಳಲ್ಲಿ ತುಂಬಬಲ್ಲರು.