ಶಾರ್ಕ್‌ಗಳ ತೊಟ್ಟಿಯಲ್ಲಿ ಸ್ಕೂಬಾ ಡೈವಿಂಗ್

ಅಕ್ವೇರಿಯಂ ತೊಟ್ಟಿಗಳಲ್ಲಿ ಶಾರ್ಕ್‌ಗಳ ನಡುವೆ ಸ್ಕೂಬಾ ಡೈವಿಂಗ್ ಮಾಡಿಸುವ ವ್ಯವಸ್ಥೆ ಇಂದು ಹಲವು ದೇಶಗಳಲ್ಲಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಪ್ರವಾಸಿಗರು ತರಬೇತುದಾರರ ಜೊತೆ ನೀರಿಗಿಳಿದು, ಎರಡು ಮೂರು ಮೀಟರ್ ಉದ್ದದ ಶಾರ್ಕ್‌ಗಳು ಓಡಾಡುವ ಜಾಗದಲ್ಲಿ ಸ್ವಲ್ಪ ಹೊತ್ತು ಇದ್ದು ಬರುತ್ತಾರೆ. ಕೆಲಸಕ್ಕಾಗಿ ಕೊಲ್ಲಿ ದೇಶಗಳಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಪರಿಚಿತವಾದ ಇಂಥ ತೊಟ್ಟಿ ದುಬೈ ಮಾಲ್‌ನಲ್ಲಿದೆ.

ದೊಡ್ಡ ತೊಟ್ಟಿಯಲ್ಲಿ ಮನುಷ್ಯರು ಮೀನುಗಳ ನಡುವೆ ಇಳಿಯುವುದು ಹೊಸದಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1938ರಲ್ಲಿ ಆರಂಭವಾದ ಮರೀನ್ ಸ್ಟುಡಿಯೋಸ್‌ನಲ್ಲಿ ತಲೆಗೆ ಲೋಹದ ಹೆಲ್ಮೆಟ್ ಹಾಕಿಕೊಂಡ ಡೈವರ್‌ಗಳು ನೀರಿನೊಳಗೆ ಮೀನುಗಳಿಗೆ ಆಹಾರ ಕೊಡುತ್ತಿದ್ದರು. ಅವರಿಗೆ ಗಾಳಿ ಮೇಲಿನಿಂದ ಕೊಳವೆಯಲ್ಲಿ ಬರುತ್ತಿತ್ತು. 1943ರಲ್ಲಿ ಫ್ರಾನ್ಸಿನ ಝಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾಂ ರೂಪಿಸಿದ ಉಪಕರಣದಿಂದ ಈ ಕೊಳವೆಯ ಹಂಗು ತಪ್ಪಿತು. ಸಿಲಿಂಡರ್‌ನಲ್ಲಿ ಒತ್ತಿ ತುಂಬಿದ ಗಾಳಿಯನ್ನು, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ, ಉಸಿರೆಳೆದಾಗ ಮಾತ್ರ ಬಾಯಿಗೆ ಬಿಡುವ ರೆಗ್ಯುಲೇಟರ್ ಅದರ ಜೀವಾಳ. ಇಂದಿನ ಸ್ಕೂಬಾ ನಿಂತಿರುವುದು ಇದರ ಮೇಲೆಯೇ.

ತೊಟ್ಟಿಯ ಒಳಗುಟ್ಟು

ದುಬೈ ಮಾಲ್ 2008ರ ನವೆಂಬರ್‌ನಲ್ಲಿ ತೆರೆಯಿತು. ಅಲ್ಲಿನ ತೊಟ್ಟಿ ಹಿಡಿಯುವ ನೀರು ಒಂದು ಕೋಟಿ ಲೀಟರ್. ಅದರ ಉದ್ದ 51 ಮೀಟರ್, ಅಗಲ 20 ಮೀಟರ್, ಎತ್ತರ 11 ಮೀಟರ್. ನೋಡುಗರ ಕಡೆಯ ಪಾರದರ್ಶಕ ಗೋಡೆ ಗಾಜಿನದಲ್ಲ, ಅಕ್ರಿಲಿಕ್‌ನದು. 32.88 ಮೀಟರ್ ಅಗಲ, 8.3 ಮೀಟರ್ ಎತ್ತರ ಮತ್ತು 75 ಸೆಂಟಿಮೀಟರ್ ದಪ್ಪದ ಈ ಹಲಗೆಯ ತೂಕ ಸುಮಾರು 245 ಟನ್. ಆ ಕಾಲಕ್ಕೆ ಅದು ಗಿನ್ನೆಸ್ ದಾಖಲೆಯಾಗಿತ್ತು. ಅಷ್ಟು ನೀರಿನ ಒತ್ತಡವನ್ನು ತಡೆಯುವಷ್ಟು ದಪ್ಪ ಮಾಡಿದರೂ ಅಕ್ರಿಲಿಕ್ ಮಂಕಾಗುವುದಿಲ್ಲ. ಗಾಜು ಅಷ್ಟು ದಪ್ಪವಾದರೆ ಹಸಿರು ಛಾಯೆ ಬರುತ್ತದೆ.

ಇಂಥ ತೊಟ್ಟಿಯನ್ನು ಕಟ್ಟುವುದಕ್ಕಿಂತ ನಡೆಸುವುದು ಕಷ್ಟದ ಕೆಲಸ. ಮೀನುಗಳ ವಿಸರ್ಜನೆಯಿಂದ ನೀರಿಗೆ ಸೇರುವ ಅಮೋನಿಯಾ ವಿಷಕಾರಿ. ಫಿಲ್ಟರ್‌ಗಳಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವಂತೆ ನೋಡಿಕೊಳ್ಳಬೇಕು. ನೀರಿನಲ್ಲಿ ಅಯೋಡಿನ್ ಕಡಿಮೆಯಾದರೆ ಶಾರ್ಕ್‌ಗಳಿಗೂ ಗಳಗಂಡ ರೋಗ ಬರುತ್ತದೆ. ಹಾಗಾಗಿ ಆಹಾರದ ಮೀನಿನೊಳಗೆ ವಿಟಮಿನ್ ಮತ್ತು ಅಯೋಡಿನ್ ಸೇರಿಸಿ ಕೊಡುವ ರೂಢಿ ಇದೆ.

ಯಾವ ಶಾರ್ಕ್, ಎಂಥ ಸ್ವಭಾವ

ಪ್ರಪಂಚದಲ್ಲಿ 500ಕ್ಕೂ ಹೆಚ್ಚು ಜಾತಿಯ ಶಾರ್ಕ್‌ಗಳಿವೆ. ತೊಟ್ಟಿಯ ಬದುಕಿಗೆ ಒಗ್ಗುವುದು ಕೆಲವು ಮಾತ್ರ. ಸಿನಿಮಾಗಳಿಂದ ಹೆಸರಾದ ಬಿಳಿ ಶಾರ್ಕ್ ಒಗ್ಗುವುದೇ ಇಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ ಒಂದು ಮರಿಯನ್ನು 198 ದಿನ ಸಾಕಿ ಕಡಲಿಗೆ ಬಿಟ್ಟಿತು. 2016ರಲ್ಲಿ ಜಪಾನಿನ ಓಕಿನಾವಾದಲ್ಲಿ ಇಟ್ಟ ಬೆಳೆದ ಶಾರ್ಕ್ ಮೂರೇ ದಿನಗಳಲ್ಲಿ ಸತ್ತಿತು.

ದುಬೈ ಸೇರಿದಂತೆ ಬಹುತೇಕ ಕಡೆ ಡೈವರ್‌ಗಳ ಎದುರಿಗೆ ಬರುವುದು ಸ್ಯಾಂಡ್ ಟೈಗರ್ ಶಾರ್ಕ್. ಬಾಯಿ ಮುಚ್ಚಿದ್ದರೂ ಅದರ ಸೂಜಿಯಂಥ ಹಲ್ಲುಗಳು ಅಡ್ಡಾದಿಡ್ಡಿಯಾಗಿ ಹೊರಗೆ ಚಾಚಿರುತ್ತವೆ. ನೋಟ ಭಯಂಕರ, ನಡವಳಿಕೆ ಸೌಮ್ಯ. ಶಾರ್ಕ್‌ಗಳಿಗೆ ಬೇರೆ ಮೀನುಗಳಂತೆ ಗಾಳಿಚೀಲ ಇಲ್ಲ. ಸ್ಯಾಂಡ್ ಟೈಗರ್ ಮಾತ್ರ ಮೇಲ್ಮೈಗೆ ಬಂದು ಗಾಳಿ ನುಂಗಿ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಬಾಲ ಅಲ್ಲಾಡಿಸದೆ ನಡುನೀರಿನಲ್ಲಿ ತೇಲಿ ನಿಲ್ಲುತ್ತದೆ. ಇದರ ಸಂತಾನ ಬಹಳ ನಿಧಾನ. ತಾಯಿಯ ಎರಡು ಗರ್ಭಕೋಶಗಳಲ್ಲಿ ಮೊದಲು ಬೆಳೆದ ಮರಿ ಉಳಿದ ಭ್ರೂಣಗಳನ್ನು ತಿಂದುಬಿಡುವುದರಿಂದ ಒಂದು ಹೆರಿಗೆಗೆ ಹುಟ್ಟುವುದು ಎರಡೇ ಮರಿ.

ಶಾರ್ಕ್‌ನ ಮೂತಿಯಲ್ಲಿ ಲೊರೆಂಜಿನಿ ಕುಡಿಕೆಗಳೆಂಬ ಸೂಕ್ಷ್ಮ ರಂಧ್ರಗಳಿವೆ. ಮರಳಿನಡಿ ಅಡಗಿದ ಮೀನಿನ ಸ್ನಾಯುಗಳಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ ಸಂಕೇತವನ್ನೂ ಅವು ಹಿಡಿಯುತ್ತವೆ. ಮನುಷ್ಯ ಅದರ ಸಹಜ ಆಹಾರವಲ್ಲ. ಹೊತ್ತಿಗೆ ಸರಿಯಾಗಿ ಮೀನು ಸಿಗುವ ತೊಟ್ಟಿಯಲ್ಲಿ ಡೈವರ್‌ಗಳನ್ನು ಅದು ಸುಮ್ಮನೆ ಬಳಸಿಕೊಂಡು ಹೋಗುತ್ತದೆ. ಆದರೂ ಅದು ಕಾಡುಪ್ರಾಣಿಯೇ. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಅಕ್ವೇರಿಯಂ ಒಂದರಲ್ಲಿ ಸ್ಯಾಂಡ್ ಟೈಗರ್ ತನ್ನದೇ ತೊಟ್ಟಿಯ ಚಿಕ್ಕ ಶಾರ್ಕ್ ಒಂದನ್ನು ನುಂಗಿತ್ತು.

ನೀರಿಗಿಳಿಯುವ ಕ್ರಮ

ನಿಜವಾದ ಅಪಾಯ ಇರುವುದು ಶಾರ್ಕ್‌ನಲ್ಲಿ ಅಲ್ಲ, ನೀರಿನ ಒತ್ತಡದಲ್ಲಿ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಎಳೆದ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಿ ಶ್ವಾಸಕೋಶ ಹರಿಯಬಹುದು. ಆದ್ದರಿಂದ ‘ಉಸಿರು ಕಟ್ಟಬೇಡಿ’ ಎಂಬುದು ಸ್ಕೂಬಾದ ಮೊದಲ ಪಾಠ. ಎರಡನೆಯದು ಕಿವಿಗೆ ಸಂಬಂಧಿಸಿದ್ದು. ತೆರೆದ ಬಾವಿಯಲ್ಲಿ ತಳ ಮುಟ್ಟಲು ಮುಳುಗು ಹಾಕಿದವರಿಗೆಲ್ಲ ಕಿವಿ ಬಿಗಿದು ನೋಯುವುದು ಗೊತ್ತಿರುತ್ತದೆ. ಡೈವರ್‌ಗಳು ಮೂಗು ಹಿಡಿದು ಮೆಲ್ಲಗೆ ಊದಿ, ಕಿವಿಯ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸಮ ಮಾಡಿಕೊಳ್ಳುತ್ತಾರೆ. ನೆಗಡಿ ಇದ್ದರೆ ಇದು ಆಗದು, ಅಂಥವರು ಇಳಿಯಬಾರದು. ಆಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರ ಒಪ್ಪಿಗೆ ಪಡೆಯಬೇಕು. ಗರ್ಭಿಣಿಯರು ಡೈವಿಂಗ್ ಮಾಡುವಂತಿಲ್ಲ.

ಮೊದಲು ಪಾಠ ಮತ್ತು ಕೈಸನ್ನೆಗಳ ಅಭ್ಯಾಸ. ನೀರಿನಲ್ಲಿ ಮಾತಿಲ್ಲದ ಕಾರಣ ‘ಸರಿ’, ‘ತೊಂದರೆ’, ‘ಮೇಲಕ್ಕೆ’ ಎಲ್ಲವೂ ಸನ್ನೆಯಲ್ಲೇ. ಹೊಳೆಯುವ ಒಡವೆಗಳನ್ನು ಕಳಚಿಡಬೇಕು. ಒಳಗೆ ಕೈಗಳನ್ನು ಮೈಗೆ ಹತ್ತಿರ ಇಟ್ಟುಕೊಳ್ಳಬೇಕು. ಶಾರ್ಕ್‌ನ ದಾರಿಗೆ ಅಡ್ಡ ಹೋಗಬಾರದು, ಬೆನ್ನಟ್ಟಬಾರದು, ಮುಟ್ಟಬಾರದು. ಮುಖವಾಡದ ಗಾಜಿನ ಮೂಲಕ ನೀರಿನಲ್ಲಿ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಹೊಸಬರು ಗಾಬರಿಯಾಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಎಚ್ಚರಿಕೆಯನ್ನು ಪ್ರವಾಸಿಗರು ಮರೆಯುವುದುಂಟು. ಡೈವಿಂಗ್ ಬಳಿಕ ದೇಹದಲ್ಲಿ ಕರಗಿರುವ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಒಂದು ಬಾರಿ ಇಳಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಇಳಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು.

ತೊಟ್ಟಿ ಮತ್ತು ಕಡಲು

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ತೆರೆದ ಸರ್ಕಾರಿ ಮತ್ಸ್ಯಾಲಯದಲ್ಲಿ ಮೀನುಗಳನ್ನು ಹೊರಗಿನಿಂದ ನೋಡಬಹುದು ಅಷ್ಟೇ. ಕರ್ನಾಟಕದಲ್ಲಿ ಸ್ಕೂಬಾ ಎಂದರೆ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಅಲ್ಲಿ ಡೈವಿಂಗ್ ನಡೆಯುತ್ತದೆ. ತೊಟ್ಟಿಯಲ್ಲಿ ಶಾರ್ಕ್ ಕಾಣುವುದು ಖಚಿತ. ನೇತ್ರಾಣಿಯಲ್ಲಿ ಕಂಡರೆ ಅದೃಷ್ಟ.

ತೊಟ್ಟಿಯ ಶಾರ್ಕ್‌ಗಳ ಯೋಗಕ್ಷೇಮದ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಸೆರೆಯಲ್ಲಿರುವ ಸ್ಯಾಂಡ್ ಟೈಗರ್‌ಗಳಲ್ಲಿ ಬೆನ್ನೆಲುಬು ಡೊಂಕಾಗುವುದು ಕಂಡುಬಂದಿದೆ. ತೊಟ್ಟಿಯಲ್ಲಿ ಅವು ಮರಿ ಹಾಕುವುದು ಅಪರೂಪವಾದ್ದರಿಂದ ಹೆಚ್ಚಿನವನ್ನು ಕಡಲಿನಿಂದಲೇ ಹಿಡಿದು ತರಲಾಗುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಇದು ತೀವ್ರ ಅಪಾಯದಲ್ಲಿರುವ ಜೀವಿ.

ಪ್ರಪಂಚದಾದ್ಯಂತ ಶಾರ್ಕ್ ಕಡಿತದಿಂದ ವರ್ಷಕ್ಕೆ ಸಾಯುವವರು ಬೆರಳೆಣಿಕೆಯಷ್ಟು ಜನ. ಮೀನುಗಾರಿಕೆಯಿಂದ ವರ್ಷಕ್ಕೆ ಸಾಯುವ ಶಾರ್ಕ್‌ಗಳು ಸುಮಾರು 10 ಕೋಟಿ ಎಂದು 2013ರ ಅಧ್ಯಯನವೊಂದು ಅಂದಾಜು ಮಾಡಿದೆ. ಭಾರತ 2001ರಲ್ಲಿ ತಿಮಿಂಗಿಲ ಶಾರ್ಕ್‌ಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಕೊಟ್ಟಿತು. 2015ರಲ್ಲಿ ಶಾರ್ಕ್ ರೆಕ್ಕೆಗಳ ರಫ್ತನ್ನು ನಿಷೇಧಿಸಿತು. ಶಾರ್ಕ್‌ಗಳ ತೊಟ್ಟಿಗೆ ಇಳಿಯುವ ಅವಕಾಶ ಸಿಕ್ಕವರು, ಅವುಗಳನ್ನು ಎಲ್ಲಿಂದ ತಂದದ್ದು, ಹೇಗೆ ನೋಡಿಕೊಳ್ಳುತ್ತಾರೆ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ ತಿಳಿಯಬೇಕು. ನೇರ ಉತ್ತರ ಸಿಗದ ಕಡೆ ಟಿಕೆಟ್ ಕೊಳ್ಳದಿರುವುದೇ ಒಳ್ಳೆಯದು.